ಬೀಗರ ಕೊಡ

೧ ಡಿಸೆಂಬರ್ ೨೦೧೧, ಗುರುವಾರ

ಇವತ್ತು ಮಡ್ಡಿಹಾಳಕ್ಕೆ ವಿಶ್ವವಿದ್ಯಾಲಯ ಬಂತು. ಪೂರ್ತಿ ಅಲ್ಲ, ಒಂದು ಜೀಪಿಗೆ ಹಿಡಿಸುವಷ್ಟು. ಮುಂದಿನ ಸೀಟಿನಲ್ಲಿ ಪ್ರೊಫೆಸರ್ ಚಿದಂಬರಯ್ಯ, ಹಿಂದಿನ ಸೀಟಿನಲ್ಲಿ ಐವತ್ತೈದು ಖಾಲಿ ಬಾಟಲಿ.

ಜೀಪಿನಲಿ ಬಂತು ಜಲವಿಜ್ಞಾನ,
ಟೋಪಿಯ ಕೆಳಗೆ ಭಾರೀ ಧ್ಯಾನ.

ಕಾಲುವೆಯ ಕೊನೆಗಿರುವ ಇಪ್ಪತ್ತು ಊರುಗಳ ಕುಡಿಯುವ ನೀರಿನ ಅಧ್ಯಯನವಂತೆ. ಮೇಲಿನವರು ಭತ್ತ ಹಚ್ಚಿ ಗದ್ದೆಯಲ್ಲಿ ನೀರು ನಿಲ್ಲಿಸುತ್ತಾರೆ, ನಿಂತ ನೀರು ಭೂಮಿಯೊಳಗಿನ ಉಪ್ಪನ್ನು ಎಬ್ಬಿಸುತ್ತದೆ, ಎದ್ದ ಉಪ್ಪು ಕೆಳಗಿನ ಊರುಗಳ ಬೋರಿಗೆ ಇಳಿಯುತ್ತದೆ ಎಂದು ಅವರ ಅನುಮಾನ. ಅಂದರೆ ಮೇಲಿನವರಿಗೆ ನೀರು, ಕೆಳಗಿನವರಿಗೆ ಅದರ ಉಪ್ಪು. ಪರೀಕ್ಷೆಯಲ್ಲಿ ಕೆಟ್ಟದ್ದು ಎಂದು ಬಂದ ಊರು ಕೆಂಪು ಪಟ್ಟಿಗೆ. ಕೆಂಪು ಪಟ್ಟಿಯವರಿಗೆ ಕಾಲುವೆಯ ನೀರನ್ನೇ ಶುದ್ಧ ಮಾಡಿ ನಳದಲ್ಲಿ ಕೊಡುತ್ತಾರೆ. ಚಲೋ ಎಂದು ಬಂದರೆ ಹಸಿರು ಪಟ್ಟಿ. ಹಸಿರಿಗೆ ಶಹಬ್ಬಾಸ್ ಮಾತ್ರ.

"ಪದವೀಧರರು ಯಾರಿದ್ದೀರಿ?" ಎಂದು ಪ್ರೊಫೆಸರರು ಕೇಳಿದಾಗ ಊರ ಮಂದಿ ಎಲ್ಲ ಲೈಬ್ರರಿ ನೋಡಿಕೊಳ್ಳುವ ನನ್ನ ಕಡೆ ಬೆರಳು ಮಾಡಿದರು. ಗೌಹರಬೇಗಂ, ಬಿ.ಎ. ಕನ್ನಡ, ನಲವತ್ತೈದು ವರ್ಷ ಎಂದು ಹಾಳೆಯಲ್ಲಿ ಬರೆದುಕೊಂಡರು. ಇನ್ನು ನಾನು 'ಸಮುದಾಯ ಸಹಭಾಗಿ'. ಕೆಂಭಾವಿಯಿಂದ ದಿನಾ ಟಂಟಂ ಆಟೊ ಹತ್ತಿ ಬಂದು ಇವರ ಪೇಪರು ಜೋಡಿಸಿಟ್ಟು ಹೋಗುವವಳು ಯಾವ ಸಮುದಾಯಕ್ಕೆ ಸಹಭಾಗಿಯೋ, ಕೇಳಲಿಲ್ಲ. ಹೇಳಿಸಿಕೊಳ್ಳಲು ಚಂದ ಇತ್ತು.

ಕೆಲಸ ಸುಲಭ. ವಾರಕ್ಕೊಮ್ಮೆ ಐದು ಪಂಪಿನ ನೀರು ಐದು ಬಾಟಲಿಗೆ. ಹಾಳೆಯ ಕೆಳಗೆ 'ಖುದ್ದು ತುಂಬಿಸಿದ್ದೇನೆ' ಎಂಬ ಸಾಲು, ಅದರ ಕೆಳಗೆ ನನ್ನ ಸಹಿ. ಖುದ್ದು ಒಳ್ಳೆಯ ಪದ. ಖುದ್ದು, ಮುದ್ದು, ಸದ್ದು, ಜಿದ್ದು. ಪ್ರಾಸಕ್ಕೆ ಎಂದೂ ಕೈ ಬಿಡುವುದಿಲ್ಲ.

ಬಾಟಲಿ ಹಿಡಿದು ಹೊರಟೆ. ಲೈಬ್ರರಿಯ ಎದುರು ಮನೆಯ ಮೋನಮ್ಮ ಓಡಿ ಬಂದು ಕಸಿದುಕೊಂಡಳು. "ನೀವ್ಯಾಕ ಬಿಸಿಲಾಗ ತಿರಗ್ತೀರಿ ಮೇಡಮ್ಮಾರ? ಕುಂದರ್ರಿ. ನಮ್ಮ ಸೊಸಿ ತುಂಬಿ ತರ್ತಾಳ."

ಕುಂತೆ. ಮೋನಮ್ಮ ಕುಡಿಯಲು ನೀರು ಕೊಟ್ಟಳು. ನನ್ನ ಚೀಲದಲ್ಲಿ ಕೆಂಭಾವಿಯ ಫಿಲ್ಟರ್ ನೀರಿನ ಬಾಟಲಿ ಯಾವಾಗಲೂ ಇರುತ್ತದೆ, ಆದರೆ ಕೊಟ್ಟದ್ದನ್ನು ಒಲ್ಲೆ ಎನ್ನಬಾರದು. ಫಿಲ್ಟರಿಗಿಂತ ಸಿಹಿ. ಆರು ವರ್ಷದಿಂದ ಈ ಊರಲ್ಲಿ ಕುಡಿಯುತ್ತಿದ್ದೇನೆ, ಒಮ್ಮೆಯೂ ಉಪ್ಪು ಹತ್ತಿಲ್ಲ. ಆದರೂ ಮಂದಿ ಸೌಳು ಸೌಳು ಎಂದು ಬಾಯಿ ಬಡಿದುಕೊಳ್ಳುತ್ತಾರೆ. ಊರ ಮಂದಿಗೆ ದೂರು ಅಂದರೆ ಎಲೆ ಅಡಕೆ ಇದ್ದಂತೆ, ಉಂಡ ಮೇಲೆ ಬೇಕೇ ಬೇಕು.

೨೯ ಡಿಸೆಂಬರ್, ಗುರುವಾರ

ಐದನೇ ವಾರ. ಮೋನಮ್ಮನ ಸೊಸೆ ಹಣಮಮ್ಮ ಬಾಟಲಿ ತಂದಳು, ನಾನು ಸಹಿ ಮಾಡಿದೆ, ಜೀಪು ಒಯ್ದಿತು. ಬಾಟಲಿ ತರಲು ಹುಡುಗಿಗೆ ಎರಡು ತಾಸು ಯಾಕೆ ಬೇಕೋ ತಿಳಿಯದು. ಪಂಪು ನಾಲ್ಕು ಹೆಜ್ಜೆ ದೂರ. ದಾರಿಯಲ್ಲಿ ಮಾತಿಗೆ ನಿಲ್ಲುತ್ತಾಳೆ ಅಂತ ಕಾಣುತ್ತದೆ.

೯ ಫೆಬ್ರವರಿ ೨೦೧೨, ಗುರುವಾರ

ಹನ್ನೊಂದು ವಾರ ಮುಗಿಯಿತು. ಪ್ರೊಫೆಸರರು ನನಗೊಂದು ಪೆನ್ನು ಕೊಟ್ಟರು. "ನಿಮ್ಮೂರಿನಷ್ಟು ಶಿಸ್ತಾಗಿ ಯಾರೂ ಮಾಡಿಲ್ಲ ಮೇಡಂ" ಎಂದರು. ನನ್ನೂರು ಅಲ್ಲ ಎಂದು ತಿದ್ದಲಿಲ್ಲ. ಹೊಗಳಿಕೆಯಲ್ಲಿ ತಪ್ಪು ಹುಡುಕಬಾರದು.

೨೭ ಫೆಬ್ರವರಿ, ಸೋಮವಾರ

ವರದಿಯ ಕರಡು ಬಂತು, ಕಾಗುಣಿತ ನೋಡಿಕೊಡಿ ಎಂದು. 'ಜಲಮೂಲ' ಇರಬೇಕಾದಲ್ಲಿ ಹದಿನಾಲ್ಕು ಕಡೆ 'ಜಲಮೊಲ' ಆಗಿತ್ತು. ನೀರಲ್ಲಿ ಓಡುವ ಮೊಲ. ಒಬ್ಬಳೇ ನಕ್ಕೆ.

ಮೂವತ್ತೊಂದನೇ ಪುಟದಲ್ಲಿ ನಗು ನಿಂತಿತು. 'ಮಡ್ಡಿಹಾಳ: ಐದೂ ಪಂಪುಗಳ ನೀರು ಉತ್ತಮ. ಹಸಿರು ಪಟ್ಟಿ. ಯೋಜನೆಯ ಅಗತ್ಯವಿಲ್ಲ.'

ಮೊದಲು ಅನಿಸಿದ್ದು: ನೋಡು, ನಾ ಹೇಳಿರಲಿಲ್ಲವೇ? ಆಮೇಲೆ ಕಿಟಕಿಯಿಂದ ಹೊರಗೆ ನೋಡಿದೆ. ಲೈಬ್ರರಿ ಎದುರಿನ ಪಂಪಿನ ಕಟ್ಟೆಗೆ ಬೆಳ್ಳನೆಯ ಹೆಪ್ಪು ಕಟ್ಟಿದೆ, ಸುಣ್ಣ ಬಳಿದಂತೆ. ಆರು ವರ್ಷದಿಂದ ಅದನ್ನು ಸುಣ್ಣ ಎಂದೇ ತಿಳಿದಿದ್ದೆ.

೨೮ ಫೆಬ್ರವರಿ, ಮಂಗಳವಾರ

ಮೋನಮ್ಮನ ಮನೆಗೆ ಹೋದೆ. ಬುದ್ಧನ ಪಟದ ಕೆಳಗೆ ಕುಂತು ತೊಗರಿ ಕೇರುತ್ತಿದ್ದಳು.

"ಮೋನಮ್ಮಾ, ಬಾಟ್ಲಿಗೆ ಎಲ್ಲೀ ನೀರು ತುಂಬಿದ್ರಿ?"

"ಅಂಬ್ರಪ್ಪನ ಹೊಲದ ಬಾವೀದು!" ಎಂದಳು. ಬಹುಮಾನ ಬರುವುದಿದೆ ಎಂಬ ದನಿ.

"ಐದೂ ಬಾಟ್ಲಿ?"

"ಐದೂ. ಹನ್ನೊಂದು ವಾರಾನೂ. ಒಂದು ದಿನ ತಪ್ಪಿಸಿಲ್ಲ."

"ಪಂಪಿನ ನೀರು ಯಾಕ ತುಂಬಲಿಲ್ಲ?"

ಮೊರ ಕೆಳಗಿಟ್ಟಳು. "ಏನ್ ಕೇಳ್ತೀರಿ ಮೇಡಮ್ಮಾರ? ಅಷ್ಟು ದೂರಿಂದ ಬಂದ ಮಂದಿ ಕೈಯಾಗ ಸೌಳು ನೀರು ಇಡ್ಲ್ಯಾ? ನಾಳೆ ಯೂನಿವರ್ಸಿಟಿಯಾಗ ಕುಂತು, ಮಡ್ಡಿಹಾಳದ ಹೆಂಗಸ್ರು ಎಂಥಾ ನೀರು ಕೊಟ್ಟಾರ ನೋಡು ಅಂತ ನಗಲಿ ಅಂತೇನು?"

ಹಣಮಮ್ಮ ಒಳಗಿನಿಂದ ಕೂಗಿದಳು, "ಬಾಟ್ಲಿಗೆ ಹುಣಸಿಹಣ್ಣು ಹಚ್ಚಿ ತೊಳದೀನ್ರಿ. ಫಳಫಳ ಅಂತಿದ್ವು."

ಎರಡು ತಾಸಿನ ಲೆಕ್ಕ ಈಗ ಸಿಕ್ಕಿತು. ಅಂಬ್ರಪ್ಪನ ಹೊಲ ಎರಡು ಮೈಲಿ.

ಒಳಗೆ ಕರೆದು ತೋರಿಸಿದಳು. ದೊಡ್ಡ ಕೊಡಗಳ ಸಾಲಿನ ಪಕ್ಕ, ಮರದ ಮಣೆಯ ಮೇಲೆ, ಬಿಳಿ ಬಟ್ಟೆ ಕಟ್ಟಿದ ಸಣ್ಣ ಕೊಡ. ಬೀಗರ ಕೊಡ. ಊರ ಪ್ರತಿ ಮನೆಯಲ್ಲೂ ಒಂದಿದೆ. ಬೀಗರು ಬಂದರೆ, ಪರಊರವರು ಬಂದರೆ ಅದರ ನೀರು. ಮನೆಯವರು ಮುಟ್ಟುವುದಿಲ್ಲ. ಎದೆಹಾಲು ಬಿಟ್ಟ ಕೂಸಿಗೆ ಒಂದು ಲೋಟ ಸಿಕ್ಕೀತು, ಅಷ್ಟೇ. ಮನೆಯವರ ನೀರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಚಹಾದ ಹಾಲು ಒಡೆಯುತ್ತದೆ.

"ಮತ್ತ ನನಗ ಆರು ವರ್ಷ ಕೊಟ್ಟಿದ್ದು?"

"ನೀವೂ ಹೊರಗಿಂದ ಬರೋರು ಅಲ್ಲೇನ್ರಿ?" ಎಂದಳು ಮೋನಮ್ಮ, ಪ್ರೀತಿಯಿಂದಲೇ.

ಪಂಪಿಗೆ ಹೋಗಿ ಬೊಗಸೆ ಒಡ್ಡಿದೆ. ಬಟ್ಟೆ ಸೋಡಾ ನೆಕ್ಕಿದಂತಾಯಿತು. ಉಗುಳಿ, ಚೀಲದ ಬಾಟಲಿಯಿಂದ ಬಾಯಿ ಮುಕ್ಕಳಿಸಿದೆ.

ಹನ್ನೊಂದು ವಾರ, ಹನ್ನೊಂದು ಸಹಿ.
ಒಂದೂ ಕಹಿಯಿಲ್ಲ, ಎಲ್ಲವೂ ಸಿಹಿ.

ಇಷ್ಟು ಚಲೋ ಪ್ರಾಸ ಈ ವರ್ಷ ಬರೆದಿರಲಿಲ್ಲ. ಹರಿದು ಹಾಕಬೇಕು ಅನಿಸುತ್ತಿದೆ.

೨ ಮಾರ್ಚ್, ಶುಕ್ರವಾರ

ಪ್ರೊಫೆಸರರಿಗೆ ಫೋನ್ ಹಚ್ಚಿ ಎಲ್ಲ ಹೇಳಿದೆ. ಬಾವಿ, ಕೊಡ, ಹುಣಸೆಹಣ್ಣು ಸಮೇತ.

"ನೋಡಿ ಮೇಡಂ, ಐವತ್ತೈದು ಮಾದರಿ, ಎಲ್ಲ ಒಂದೇ ಥರ ಬಂದಿದೆ. ಇಷ್ಟು ಚೊಕ್ಕ ಅಂಕಿಅಂಶ ಬೇರೆ ಯಾವ ಊರಲ್ಲೂ ಸಿಕ್ಕಿಲ್ಲ."

"ಐದು ಪಂಪಿನ ನೀರು ಅಷ್ಟು ಚೊಕ್ಕ ಹೆಂಗ ಒಂದೇ ಥರ ಬಂತು ಅಂತ ಸಂಶಯ ಬರಲಿಲ್ಲೇನ್ರಿ ಸರ್?"

ಫೋನಿನಲ್ಲಿ ವಿಜ್ಞಾನ ಮಾತು ಬದಲಿಸಿತು.

"ವರದಿ ಅಚ್ಚಿಗೆ ಹೋಗಿದೆ. ಇಪ್ಪತ್ತೆರಡಕ್ಕೆ, ಜಲ ದಿನದಂದು, ಶಹಾಪುರದಲ್ಲಿ ಬಿಡುಗಡೆ. ಜಿಲ್ಲೆಯ ಹಿರಿಯ ಅಧಿಕಾರಿ ಅವತ್ತೇ ಪಟ್ಟಿಗೆ ಸಹಿ ಹಾಕ್ತಾರೆ. ನಿಮ್ಮೂರನ್ನ ಮುಂದಿನ ಹಂತದಲ್ಲಿ ನೋಡೋಣ."

"ಮುಂದಿನ ಹಂತ ಯಾವಾಗ್ರಿ?"

"ಐದು ವರ್ಷ. ಅನುದಾನ ಬಂದರೆ." ಆಮೇಲೆ ದನಿ ತಗ್ಗಿಸಿದರು. "ಖುದ್ದು ತುಂಬಿಸಿದ್ದೇನೆ ಅಂತ ಸಹಿ ಮಾಡಿದವರು ನೀವು. ಸುಳ್ಳು ಸಹಿ ಅಂತ ನೀವೇ ಹೇಳಿದರೆ ಲೈಬ್ರರಿ ಕೆಲಸಕ್ಕೂ ತೊಂದರೆ ಆದೀತು. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ. ಅಂದಹಾಗೆ, ಅವತ್ತಿಗೆ ಒಂದು ಸ್ವಾಗತ ಪದ್ಯ ಬರೆದು ಓದಿ. ನಿಮಗೆ ಪ್ರಾಸ ಚೆನ್ನಾಗಿ ಬರುತ್ತಂತಲ್ಲ."

ಅಚ್ಚಾದ ಮಾತ್ರಕ್ಕೆ ಅದು ಸತ್ಯವೇ?
ಮುಚ್ಚಿಟ್ಟ ಮಾತ್ರಕ್ಕೆ ಅದು ಪಥ್ಯವೇ?

ಇದು ಸ್ವಾಗತಕ್ಕೆ ಹೊಂದುವುದಿಲ್ಲ.

೩ ಮಾರ್ಚ್, ಶನಿವಾರ

ಲಾಡ್ಲೇಸಾಬರಿಗೆ ಹೇಳಿದೆ. ನನ್ನ ಗಂಡ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೇಳಿದರು. ಕೊನೆಗೆ, "ದಸ್ಕತ್ ತೂಚ್ ಕರಿ ನಾ? ತೂಚ್ ಜಾಕೆ ಬೋಲ್." ಸಹಿ ಮಾಡಿದವಳು ನೀನು, ಹೋಗಿ ಹೇಳುವವಳೂ ನೀನೇ. ಇಪ್ಪತ್ಮೂರು ವರ್ಷದ ಸಂಸಾರದಲ್ಲಿ ಇವರು ಅಳತೆ ಮೀರಿ ಮಾತಾಡಿದ್ದಿಲ್ಲ.

೧೧ ಮಾರ್ಚ್, ಭಾನುವಾರ

ಸಿಟ್ಟಿಗೆ ಒಂದು ಉಪಾಯ ಹೊಳೆದಿತ್ತು. ಮೋನಮ್ಮನ ಕಟ್ಟೆಯ ಮೇಲೆ ಹೆಂಗಸರನ್ನು ಕೂಡಿಸಿ ಹೇಳಿದೆ: ಇಪ್ಪತ್ತೆರಡಕ್ಕೆ ಎಲ್ಲಾರೂ ಶಹಾಪುರಕ್ಕೆ ಹೋಗೋಣ. ಪಂಪಿನ ನೀರು ಕ್ಯಾನಿನಲ್ಲಿ ಒಯ್ಯೋಣ. ವೇದಿಕೆ ಮೇಲಿನ ದೊಡ್ಡ ಮಂದಿಗೆ ಒಂದೊಂದು ಗ್ಲಾಸು ಕೊಡೋಣ. ಕುಡೀಲಿ, ತಿಳೀತದ.

ಹೆಂಗಸರೆಲ್ಲ ಮೋನಮ್ಮನ ಕಡೆ ನೋಡಿದರು.

"ಆಗಂಗಿಲ್ಲ," ಎಂದಳು ಮೋನಮ್ಮ.

"ಯಾಕ?"

"ಕೈಯಾರ ಸೌಳು ನೀರು ಯಾರಿಗೂ ಕೊಟ್ಟಿಲ್ಲ. ನಮ್ಮತ್ತಿ ಕೊಟ್ಟಿಲ್ಲ, ನಾ ಕೊಟ್ಟಿಲ್ಲ, ಈ ಹಣಮಿ ಕೊಡಾಕಿಲ್ಲ. ನಿಮ್ಮ ಸಿಟ್ಟಿಗೆ ನಮ್ಮ ಮಾನ ಯಾಕ ಕಳೀತೀರಿ?"

"ಮಾನ ಅಂತ ಕುಂತ್ರ ನಳ ಬರಂಗಿಲ್ಲ ಮೋನಮ್ಮಾ. ಈ ಮಾನದ ದೆಸಿಂದನ ಹಸಿರು ಪಟ್ಟಿ ಸೇರೀರಿ."

"ಸೇರಿದ್ರ ಸೇರ್ಲಿ! ನಳಕ್ಕ ಹೊಡದಾಡ್ತೀನಿ, ಅವರ ಮೋಟಾರ ಮುಂದ ಅಡ್ಡ ಮಲಗ್ತೀನಿ. ಬಂದವರ ಬಾಯಾಗ ಉಪ್ಪು ಹಾಕಂಗಿಲ್ಲ."

ಜಗಳ ಬೆಳೆಯಿತು. ನಾನು ಬಿ.ಎ. ಭಾಷೆಯಲ್ಲಿ, ಅವಳು ತನ್ನ ಭಾಷೆಯಲ್ಲಿ. ಅವಳೇ ಗೆದ್ದಳು. ಹೊರಡುವಾಗ, ಸೋತವಳ ಕುಹಕದಿಂದ ಕೇಳಿದೆ, "ಹಂಗಾರ ಬೀಗರು ಆರು ತಿಂಗಳು ಕುಂತ್ರ ಆರು ತಿಂಗಳು ಬಾವಿ ನೀರು ಹೊರ್ತೀರೇನು?"

ಹೆಂಗಸರೆಲ್ಲ ನಕ್ಕರು. ಹಣಮಮ್ಮ ಹೇಳಿದಳು, "ಮೂರು ದಿನ ಅಷ್ಟರೀ. ನಾಕನೇ ದಿನ ಬೀಗರಲ್ಲ, ಮನಿಯವ್ರು. ಮನಿಯವ್ರಿಗೆ ಮನಿ ನೀರು. ನಾನೂ ಲಗ್ನ ಆಗಿ ಬಂದಾಗ ಮೂರು ದಿನ ಸೀ ನೀರು ಕುಡದೀನಿ. ಅವತ್ತಿಂದ ಇದ."

ಟಂಟಂ ಓಡಿಸುವ ಖಾಜಾಹುಸೇನ, "ಏನ್ ಅಕ್ಕಾ, ಮಾರಿ ನೀರಿಲ್ಲದ ಪಂಪಿನಂಗ ಆಗ್ಯಾದಲ್ಲ?" ಎಂದ. ಕೆಂಭಾವಿ ಬಂದ ಮೇಲೆ ನೆನಪಾಯಿತು, ಫಿಲ್ಟರ್ ನೀರಿನ ಬಾಟಲಿಯನ್ನು ಮೋನಮ್ಮನ ಕಟ್ಟೆಯ ಮೇಲೇ ಬಿಟ್ಟಿದ್ದೇನೆ.

೨೦ ಮಾರ್ಚ್, ಮಂಗಳವಾರ

ಸ್ವಾಗತ ಪದ್ಯ ಬರೆಯಲು ಕುಂತೆ. 'ಬನ್ನಿರಿ ಬನ್ನಿರಿ ಜಲಜ್ಞಾನಿಗಳೇ.' ಮುಂದೆ ಏನೂ ಬರಲಿಲ್ಲ. ಪೆನ್ನು ಅವರದ್ದೇ. ಮುನಿಸಿಕೊಂಡಿರಬೇಕು.

೨೨ ಮಾರ್ಚ್, ಗುರುವಾರ

ಎಲ್ಲ ಬರೆದಿಡಬೇಕು, ನಾಳೆ ಇನ್ನೊಬ್ಬರು ಇನ್ನೊಂದು ಥರ ಹೇಳುತ್ತಾರೆ.

ಖಾಜಾಹುಸೇನನ ಟಂಟಂನಲ್ಲಿ ಹದಿನೇಳು ಹೆಂಗಸರು, ನೀರಿನ ಕ್ಯಾನಿಲ್ಲದೆ, ಶಹಾಪುರಕ್ಕೆ ಹೋದೆವು. ಎಂಟು ಮಂದಿ ಹಿಡಿಸುವ ಗಾಡಿ. "ಅಕ್ಕಾ, ಇದು ಗಾಡಿನೋ ತೊಗರಿ ಚೀಲಾನೋ?" ಎಂದು ದಾರಿಯುದ್ದಕ್ಕೂ ಬೈದ, ನಮ್ಮನ್ನು ಇಳಿಸಿ ತಾನೂ ಸಭೆಯೊಳಗೆ ಬಂದು ಕುಂತ.

ವೇದಿಕೆಯ ಮೇಲೆ ಹಿರಿಯ ಅಧಿಕಾರಿ, ಪ್ರೊಫೆಸರರು, ಮತ್ತೆ ಐದು ಜನ. ಎಲ್ಲರ ಮುಂದೆ ಮುಚ್ಚಳದ ನೀರಿನ ಬಾಟಲಿ. 'ಈಗ ಗೌಹರಬೇಗಂ ಅವರಿಂದ ಸ್ವಾಗತ ಪದ್ಯ' ಎಂದರು. ಮೈಕಿನ ಮುಂದೆ ನಿಂತೆ. ಕೈಯಲ್ಲಿ ಹಾಳೆ ಇತ್ತು, ಹಾಳೆಯಲ್ಲಿ ಒಂದೇ ಸಾಲಿತ್ತು.

"ಪದ್ಯ ಇಲ್ಲ," ಎಂದೆ. "ವರದಿಯ ಮೂವತ್ತೊಂದನೇ ಪುಟ ಸುಳ್ಳು. ಅದರ ಹಿಂದಿನ ಹನ್ನೊಂದು ಸಹಿ ನನ್ನವು. ಖುದ್ದು ತುಂಬಿಸಿದ್ದೇನೆ ಅಂತ ಬರೆದೆ, ಒಂದು ಬಾಟಲಿಯನ್ನೂ ತುಂಬಿಸಲಿಲ್ಲ. ನೆರಳಲ್ಲಿ ಕುಂತಿದ್ದೆ. ಆ ಸಹಿ ವಾಪಸ್ ತಗೊಳ್ತೀನಿ."

ಪ್ರೊಫೆಸರರು ಎದ್ದರು. "ಮೇಡಂ, ಇದು ವೇದಿಕೆಯಲ್ಲ…"

"ವೇದಿಕೆನೇ ಅಲ್ಲೇನ್ರಿ ಸರ್? ನೀವೇ ಕರದೀರಿ."

ಸಭೆ ನಕ್ಕಿತು. ಅಧಿಕಾರಿ ಕೈ ಎತ್ತಿ ಸುಮ್ಮನಿರಿಸಿದರು. "ಅಂದರೆ ನಿಮ್ಮೂರಿನವರು ಬೇಕಂತಲೇ ಬೇರೆ ನೀರು ಕೊಟ್ಟರೇ? ತಪ್ಪು ನಿಮ್ಮದೇ ಆಯಿತಲ್ಲ."

"ತಪ್ಪು ನಂದು ಸರ್. ಊರಿನದಲ್ಲ. ಅವರು ಬಂದವರಿಗೆ ಒಳ್ಳೇ ನೀರು ಕೊಟ್ಟಾರ. ತಮಗಿಲ್ಲದ್ದನ್ನ ಕೊಟ್ಟಾರ. ಅದಕ್ಕ ಸಿಕ್ಕಿದ್ದು ಯೋಜನೆ ಅಗತ್ಯ ಇಲ್ಲ ಅನ್ನೋ ಸಾಲು." ಆಮೇಲೆ ಬೀಗರ ಕೊಡದ ವಿಷಯ ಹೇಳಿದೆ. ಮೈಕಿನಲ್ಲಿ ನನ್ನ ದನಿ ನನಗೇ ಪರಕೀಯ ಅನಿಸಿತು. ಆದರೆ ಇಳಿಯಲಿಲ್ಲ.

ಆಗ ಸಭೆಯ ಎಡಗಡೆಯಿಂದ, ಬೇರೆ ಯಾವುದೋ ಊರಿನ ಒಬ್ಬ ಹೆಂಗಸು ಎದ್ದು ನಿಂತಳು. ಮೊದಲು ಸೆರಗು ಸರಿ ಮಾಡಿಕೊಂಡಳು, ಆಮೇಲೆ, "ನಮ್ಮೂರಾಗೂ ಬಾವಿ ನೀರ ಕೊಟ್ಟೀವ್ರಿ" ಎಂದಳು. ಅವಳ ಹಿಂದೆ ಇನ್ನೊಬ್ಬಳು. "ನಾವು ಕೆನಾಲಿನ ನೀರು ಸೋಸಿ, ಕಾಸಿ ಕೊಟ್ಟೀವ್ರಿ." ಎಣಿಸಿದೆ. ಆರು ಊರು.

ಪ್ರೊಫೆಸರರು ಕುಂತರು. ಮುಖ ನೋಡಿ ಪಾಪ ಅನಿಸಿತು, ಅರ್ಧ ನಿಮಿಷ.

"ಮತ್ತೆ ಯಾವ ನೀರು ಖರೆ ಅಂತ ನಾವು ತಿಳಿಯೋದು ಹೇಗೆ?" ಎಂದರು ಅಧಿಕಾರಿ. "ಇವತ್ತೊಂದು ಹೇಳ್ತೀರಿ, ನಾಳೆ ಇನ್ನೊಂದು."

ಹಿಂದಿನ ಸಾಲಿನಿಂದ ಮೋನಮ್ಮನ ದನಿ ಬಂತು. ಅವಳಿಗೆ ಮೈಕು ಬೇಕಿರಲಿಲ್ಲ.

"ಬರ್ರಿ ಸಾಹೇಬ್ರ. ನಮ್ಮ ಮನ್ಯಾಗ ಇರ್ರಿ. ಮೂರು ದಿನ ನಮ್ಮ ಬೀಗರು. ನಾಕನೇ ದಿನ ನಾವು ಕುಡಿಯೋದು ನಿಮಗೂ ಕೊಡ್ತೀವಿ. ಅವತ್ತು ತುಂಬ್ಕೋರಿ ನಿಮ್ಮ ಬಾಟ್ಲಿ."

ಅಧಿಕಾರಿ ಪ್ರೊಫೆಸರರ ಕಡೆ ನೋಡಿದರು. ಪಟ್ಟಿಗೆ ಸಹಿ ಆಗಲಿಲ್ಲ. ಮರುಪರೀಕ್ಷೆ ಆಗುವವರೆಗೆ ತಡೆ.

ಹೊರಗೆ ಬಂದಾಗ ಮೋನಮ್ಮ ನನ್ನ ರಟ್ಟೆ ಹಿಡಿದು ಎಳೆದಳು. "ನಡಿ ನಡಿ, ನಾಳೆ ಉಗಾದಿ. ಬೇವು ಕೊಂಡ್ಕೋಬೇಕು."

೪ ಏಪ್ರಿಲ್, ಬುಧವಾರ

ಕಾಗದ ಬಂತು. 'ಸಮುದಾಯ ಸಹಭಾಗಿ' ಹುದ್ದೆಯಿಂದ ಬಿಡುಗಡೆ. ಲೈಬ್ರರಿಯ ವಿಷಯದಲ್ಲಿ ಕಾರಣ ಕೇಳಿ ಇನ್ನೊಂದು ಕಾಗದ. ಸುಳ್ಳು ಸಹಿ ಯಾಕೆ ಮಾಡಿದಿರಿ? ನಿಜ ಬರೆದೆ: ಸೋಮಾರಿತನದಿಂದ. ಸಭೆಯಲ್ಲಿ ಯಾಕೆ ಹೇಳಿದಿರಿ? ಅದನ್ನೂ ಬರೆದೆ: ಆ ಸಾಲಿನಲ್ಲಿ ನಮ್ಮೂರಿನ ಹೆಸರಿತ್ತು. ಕೆಲಸ ಹೋದರೆ ಹೋಗಲಿ. ಎರಡೂ ಉತ್ತರದ ಕೆಳಗೆ ಸ್ಪಷ್ಟವಾಗಿ ಸಹಿ ಮಾಡಿದೆ. ಈ ಸಲ ಖುದ್ದು.

೫ ಏಪ್ರಿಲ್, ಗುರುವಾರ

ಅವರ ಬಾಟಲಿ ಇಲ್ಲ. ಮನೆಯಲ್ಲಿ ಬಿದ್ದಿದ್ದ ಶರಬತ್ತಿನ ಬಾಟಲಿ ಐದು ತೊಳೆದು ತಂದೆ. ಐದೂ ಪಂಪಿಗೆ ನಾನೇ ಹೋದೆ. ಮೂರು ಸಲ ಪಂಪಿನ ನೀರಿಂದಲೇ ಗಲಗಲಿಸಿ, ನಾಲ್ಕನೇ ಸಲ ತುಂಬಿದೆ. ಐದನೇ ಪಂಪು ಇಷ್ಟು ದೂರ ಎಂದು ಆರು ವರ್ಷದಲ್ಲಿ ಗೊತ್ತಿರಲಿಲ್ಲ. ಕಪಾಟಿನಲ್ಲಿ ಕಾದಂಬರಿಗಳ ಪಕ್ಕ ಇಟ್ಟಿದ್ದೇನೆ. ಯಾರು ಕೇಳುತ್ತಾರೋ ಗೊತ್ತಿಲ್ಲ. ಕೇಳುವವರೆಗೂ ತುಂಬುತ್ತೇನೆ.

೧೯ ಏಪ್ರಿಲ್, ಗುರುವಾರ

ಪ್ರೊಫೆಸರ್ ಚಿದಂಬರಯ್ಯ ಬಂದರು. ಜೀಪಿಲ್ಲ. ಖಾಜಾಹುಸೇನನ ಟಂಟಂನಿಂದ ಇಳಿದರು, ಟೋಪಿ ಕೈಯಲ್ಲಿ, ಬೆನ್ನಿಗೆ ಚೀಲ, ಚೀಲದ ತುಂಬ ಬಾಟಲಿ.

"ಮೂರು ದಿನ ಅಂದರಲ್ಲ ಅಮ್ಮ," ಎಂದರು ಮೋನಮ್ಮನಿಗೆ.

"ಬರ್ರಿ," ಎಂದಳು ಅವಳು, ಆರು ತಿಂಗಳ ಹಿಂದೆಯೇ ಗೊತ್ತಿದ್ದಂತೆ. ಬಿಳಿ ಬಟ್ಟೆ ಬಿಚ್ಚಿ, ಸಣ್ಣ ಕೊಡದಿಂದ ನೀರು ಕೊಟ್ಟಳು. ಕುಡಿದು, "ಅಮೃತದ ಹಾಗಿದೆ" ಎಂದರು. ಹಣಮಮ್ಮ ನನ್ನ ಕಡೆ ನೋಡಿದಳು. ನಾವು ನಗಲಿಲ್ಲ. ಬೀಗರ ಮುಂದೆ ನಗಬಾರದು.

ನನ್ನ ಶರಬತ್ತಿನ ಬಾಟಲಿಗಳನ್ನು ನೋಡಿದರು. ಚೀಟಿಯ ಮೇಲಿನ ತಾರೀಖು, ಪಂಪಿನ ಗುರುತು ಓದಿದರು. ತಮ್ಮ ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡರು.

೨೨ ಏಪ್ರಿಲ್, ಭಾನುವಾರ

ನಾಲ್ಕನೇ ದಿನ. ನೋಡಲೆಂದೇ ಬೆಳಿಗ್ಗೆ ಮೊದಲ ಟಂಟಂ ಹಿಡಿದು ಬಂದೆ.

ಪ್ರೊಫೆಸರರು ಕಟ್ಟೆಯ ಮೇಲಿದ್ದರು. ಮೋನಮ್ಮ ದೊಡ್ಡ ಕೊಡದಿಂದ ಲೋಟ ತುಂಬಿ ತಂದಳು. ಒಂದು ಗುಟುಕು ಕುಡಿದರು. ಲೋಟ ಕೆಳಗಿಡಲಿಲ್ಲ, ಮೇಲಕ್ಕೂ ಎತ್ತಲಿಲ್ಲ. ಬಹಳ ಹೊತ್ತು ನೀರನ್ನೇ ನೋಡಿದರು. ಆಮೇಲೆ ಎದ್ದು, ಚಪ್ಪಲಿ ಮೆಟ್ಟಿ, ಬಾಟಲಿ ತೆಗೆದುಕೊಂಡು ಒಬ್ಬರೇ ಪಂಪಿನ ಕಡೆ ಹೋದರು. ಹಣಮಮ್ಮ ಕಸಿದುಕೊಳ್ಳಲು ಹೋದಳು, ಕೊಡಲಿಲ್ಲ.

"ಇಂವ ಗಟ್ಟಿ ಅದಾನ," ಎಂದಳು ಮೋನಮ್ಮ. "ಅಲ್ಲ್ಯಾಕ ನಿಂತಿ ಗೌಹರಾ? ಕುಂದ್ರು. ಚಹಾ ಕುಡಿ."

ನಳ ಬಂದೇ ಬಿಟ್ಟಿತು ಎಂದು ಬರೆಯುವ ಹಾಗಿಲ್ಲ. ಪಟ್ಟಿಗೆ ಇನ್ನೂ ಸಹಿ ಇಲ್ಲ, ನನ್ನ ಕೆಲಸದ ಬಗ್ಗೆ ಉತ್ತರವೂ ಇಲ್ಲ. ಬರಲಿ, ಬಂದದ್ದನ್ನು ನೋಡಿಕೊಳ್ಳೋಣ. ಬಾಟಲಿಗಳಂತೂ ನಿಲ್ಲುವುದಿಲ್ಲ.

ಚಹಾದ ಹಾಲು ಒಡೆದಿತ್ತು. ನಾಲಿಗೆಗೆ ಬಟ್ಟೆ ಸೋಡಾದ ರುಚಿ. ಮೋನಮ್ಮನಿಗೆ ಗಡಿಬಿಡಿಯಲ್ಲಿ ಕೊಡ ಅದಲು ಬದಲಾಗಿರಬೇಕು ಅಂದುಕೊಂಡೆ. ತಿರುಗಿ ನೋಡಿದೆ. ಸಣ್ಣ ಕೊಡ ಮಣೆಯ ಮೇಲೆ, ಬಟ್ಟೆ ಕಟ್ಟಿದ ಹಾಗೇ ಇತ್ತು. ಅವಳು ಆಗಲೇ ತೊಗರಿ ಕೇರಲು ಕುಂತಿದ್ದಳು, ನನ್ನ ಕಡೆ ಬೆನ್ನು ಮಾಡಿ.

ಪ್ರಾಸಕ್ಕೆ ಏನೂ ಹೊಳೆಯಲಿಲ್ಲ. ಲೋಟ ತಳ ಕಾಣುವವರೆಗೂ ಕುಡಿದು, ತೊಳೆದು ಬೋರಲು ಹಾಕಿ ಬಂದೆ.